ಐರ್ಲೆಂಡಿನ ಕೌಂಟಿ ಕೌನ್ಸಿಲು: ಕಂದಾಯ ತಪ್ಪಿತು, ಮಾತೂ ತಪ್ಪಿತು



ಊರಿನ ರಸ್ತೆ, ನೀರು, ಚರಂಡಿಯನ್ನು ನೋಡಿಕೊಳ್ಳುವ ಸಂಸ್ಥೆಗೆ ಹೊಲದ ಮೇಲಿನ ತೆರಿಗೆ ಕೊಡುವುದು ನಿಂತುಹೋದರೆ ರೈತನಿಗೆ ಲಾಭವೋ, ನಷ್ಟವೋ? ಕೇಳಿದ ಕೂಡಲೇ “ಲಾಭವೇ, ಅದರಲ್ಲೇನು ಸಂಶಯ?” ಎನ್ನುವವರೇ ಹೆಚ್ಚು. ಆದರೆ ಈ ಲಾಭ ಕೈಗೆ ಬಂದು ನಲವತ್ತು ವರ್ಷ ಕಳೆದ ಒಂದು ದೇಶವಿದೆ. ಅಲ್ಲಿನ ಲೆಕ್ಕ ಅಷ್ಟು ಸುಲಭವಾಗಿಲ್ಲ. ಅದು ಯುರೋಪಿನ ಪಶ್ಚಿಮದ ಅಂಚಿನಲ್ಲಿರುವ ಐರ್ಲೆಂಡ್. ಹುಲ್ಲುಗಾವಲು, ದನ, ಹಾಲು ಇವುಗಳಿಗೆ ಹೆಸರಾದ ನಾಡು.

2024ರ ಜೂನ್ 7ರಂದು ಅಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆದು 949 ಸದಸ್ಯರು ಆಯ್ಕೆಯಾದರು. ಮತ ಕೇಳಲು ಬಂದವರು ಮನೆ, ರಸ್ತೆ, ನೀರು ಎಂದೇ ಮಾತನಾಡಿದರು. ಆದರೆ ಗೆದ್ದ ಮೇಲೆ ಇವುಗಳಲ್ಲಿ ಅನೇಕ ಕೆಲಸಗಳ ಕೊನೆಯ ಮಾತು ಸದಸ್ಯನದಲ್ಲ. ಒಂದೋ ಕೌನ್ಸಿಲಿನ ಮುಖ್ಯಾಧಿಕಾರಿಯದು, ಇಲ್ಲವೇ ರಾಜಧಾನಿ ಡಬ್ಲಿನ್ನಿನ ಇಲಾಖೆಯದು. ಹೀಗೇಕಾಯಿತು ಎಂಬುದನ್ನು ತಿಳಿದರೆ ನಮಗೂ ಒಂದಿಷ್ಟು ಪಾಠ ಸಿಗುತ್ತದೆ.

ಕೌಂಟಿ ಎಂದರೆ ಏನು?

ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ, ಅಳತೆಯಲ್ಲಿ ಚಿಕ್ಕದು. ಐರ್ಲೆಂಡ್ ಗಣರಾಜ್ಯದ ವಿಸ್ತೀರ್ಣ ಸುಮಾರು 70,000 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. 2022ರ ಜನಗಣತಿಯಲ್ಲಿ ಇದ್ದ ಜನ ಸುಮಾರು 51 ಲಕ್ಷ. ಇಷ್ಟಕ್ಕೆ 31 ಸ್ಥಳೀಯ ಸಂಸ್ಥೆಗಳಿವೆ. ಇವುಗಳಲ್ಲಿ 26 ಕೌಂಟಿ ಕೌನ್ಸಿಲುಗಳು, 3 ನಗರ ಕೌನ್ಸಿಲುಗಳು, ನಗರ ಮತ್ತು ಕೌಂಟಿ ಎರಡೂ ಸೇರಿದವು 2. ದ್ವೀಪದ ಉತ್ತರದ ಆರು ಕೌಂಟಿಗಳು ಬ್ರಿಟನ್ನಿಗೆ ಸೇರಿವೆ. ಅಲ್ಲಿನ ಏರ್ಪಾಡು ಬೇರೆ, ಅದು ಈ ಲೇಖನದ ವಿಷಯವಲ್ಲ.

ಲೀಟ್ರಿಮ್ ಎಂಬ ಕೌಂಟಿಯನ್ನು ನೋಡಿ. ಜೌಗು ನೆಲ, ಸಣ್ಣ ಹಿಡುವಳಿ, ಬಿಡದ ಮಳೆ. ಜನಸಂಖ್ಯೆ ಸುಮಾರು 35,000, ನಮ್ಮ ಕಡೆಯ ಒಂದು ಸಾಧಾರಣ ಪಟ್ಟಣದಷ್ಟು. ಅಷ್ಟಕ್ಕೇ ಒಂದು ಕೌನ್ಸಿಲು, 18 ಸದಸ್ಯರು.

ಕೌಂಟಿಯ ಕೆಳಗೆ ನಮ್ಮ ಗ್ರಾಮ ಪಂಚಾಯತಿಯಂಥ ಹಂತ ಅಲ್ಲಿ ಇಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಮೊದಲು 80 ಪಟ್ಟಣ ಕೌನ್ಸಿಲುಗಳಿದ್ದವು. 2014ರ ಸುಧಾರಣೆಯಲ್ಲಿ ಅವನ್ನೂ ರದ್ದು ಮಾಡಿದರು. ಈಗ ಕೌಂಟಿ ಸದಸ್ಯರೇ ತಮ್ಮ ತಮ್ಮ ಭಾಗಕ್ಕೆ ಸಂಬಂಧಿಸಿದಂತೆ ಪ್ರತ್ಯೇಕ ಸಭೆ ಸೇರಿ ಅಲ್ಲಿಯ ಕೆಲಸಗಳನ್ನು ನಿರ್ಧರಿಸುತ್ತಾರೆ. ರೈತನ ಪಾಲಿಗೆ ಸರ್ಕಾರದ ಮೊದಲ ಬಾಗಿಲು ಎಂದರೆ ಕೌಂಟಿ ಕೌನ್ಸಿಲೇ.

ಜಮೀನ್ದಾರರ ಕೂಟದಿಂದ ರೈತರ ಕೈಗೆ

ಈ ಕೌನ್ಸಿಲುಗಳು ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ, 1898ರ ಕಾಯ್ದೆಯಿಂದ. ಅದಕ್ಕೆ ಮೊದಲು ಕೌಂಟಿಯ ರಸ್ತೆ, ಸೇತುವೆಗಳ ಹಣವನ್ನು ನಿರ್ಧರಿಸುತ್ತಿದ್ದುದು ‘ಗ್ರ್ಯಾಂಡ್ ಜ್ಯೂರಿ’ ಎಂಬ ದೊಡ್ಡ ಜಮೀನ್ದಾರರ ಕೂಟ. ಅವರನ್ನು ಯಾರೂ ಚುನಾಯಿಸುತ್ತಿರಲಿಲ್ಲ. ಕಂದಾಯ ಕಟ್ಟುವವನು ಗೇಣಿದಾರ, ಖರ್ಚು ಮಾಡುವವನು ಜಮೀನ್ದಾರ.

1899ರಲ್ಲಿ ಮೊದಲ ಚುನಾವಣೆ ನಡೆದಾಗ ದೇಶದ ಬಹುಭಾಗದಲ್ಲಿ ಜಮೀನ್ದಾರರು ಸೋತು ಹೋದರು. ರೈತರು, ಅಂಗಡಿಕಾರರು ಕುರ್ಚಿಯಲ್ಲಿ ಕುಳಿತರು. ಜಮೀನ್ದಾರರ ಎದುರು ಕೈಕಟ್ಟಿ ನಿಂತಿದ್ದ ಜನ ಕೌಂಟಿಯ ಲೆಕ್ಕಪತ್ರ ನೋಡುವಂತಾಯಿತು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ, 1920ರ ಚುನಾವಣೆಯ ಬಳಿಕ, ಬಹುತೇಕ ಕೌನ್ಸಿಲುಗಳು ಬ್ರಿಟಿಷ್ ಆಡಳಿತವನ್ನು ಬಿಟ್ಟು ಐರಿಷ್ ಜನರೇ ಸ್ಥಾಪಿಸಿಕೊಂಡ ಸಂಸತ್ತಿಗೆ ನಿಷ್ಠೆ ತೋರಿದವು.

ಆದರೆ ಅದೇ 1898ರ ಕಾಯ್ದೆಯಲ್ಲಿ ಇನ್ನೊಂದು ಬೀಜವೂ ಬಿದ್ದಿತ್ತು. ವ್ಯವಸಾಯದ ಜಮೀನಿನ ಮೇಲಿನ ಕಂದಾಯದಲ್ಲಿ ಅರ್ಧದಷ್ಟನ್ನು ಸರ್ಕಾರವೇ ಅನುದಾನವಾಗಿ ತುಂಬಿಕೊಡುವ ಏರ್ಪಾಡು ಅದರಲ್ಲಿತ್ತು. ಆಗ ಎಲ್ಲರೂ ಸಂತೋಷಪಟ್ಟರು. ಮೇಲಿನಿಂದ ಬರುವ ಹಣದ ರೂಢಿ ಮಾತ್ರ ಕೌನ್ಸಿಲಿಗೆ ಹುಟ್ಟಿನಿಂದಲೇ ಅಂಟಿಕೊಂಡಿತು.

ಸದಸ್ಯನ ಕೆಲಸ, ಮುಖ್ಯಾಧಿಕಾರಿಯ ಕೆಲಸ

ಸ್ವತಂತ್ರ ಸರ್ಕಾರ ಬಂದ ಮೇಲೆ ಕೌನ್ಸಿಲುಗಳ ಬಲ ಹೆಚ್ಚುತ್ತದೆ ಎಂದು ಭಾವಿಸಿದವರಿಗೆ ನಿರಾಶೆ ಕಾದಿತ್ತು. 1923ರಲ್ಲಿ ಕೆರಿ ಮತ್ತು ಲೀಟ್ರಿಮ್ ಕೌನ್ಸಿಲುಗಳನ್ನು ವಿಸರ್ಜಿಸಿ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ನಂತರ ಡಬ್ಲಿನ್ ಮತ್ತು ಕಾರ್ಕ್ ನಗರಗಳ ಸರದಿ. ಲಂಚ, ಸ್ವಜನ ಪಕ್ಷಪಾತ, ದುಂದುಗಾರಿಕೆ ತಪ್ಪಿಸಬೇಕು ಎಂಬುದು ಸರ್ಕಾರ ಕೊಟ್ಟ ಕಾರಣ. 1929ರಲ್ಲಿ ಕಾರ್ಕ್ ನಗರಕ್ಕೆ ಮೊದಲ ‘ಮ್ಯಾನೇಜರ್’ ಬಂದರು. 1940ರ ಕಾಯ್ದೆ ಈ ಪದ್ಧತಿಯನ್ನು ಎಲ್ಲ ಕೌಂಟಿಗಳಿಗೆ ಹಬ್ಬಿಸಿತು. ಅದು ಜಾರಿಗೆ ಬಂದದ್ದು 1942ರಲ್ಲಿ. 2014ರಿಂದ ಆ ಹುದ್ದೆಗೆ ಮುಖ್ಯ ಕಾರ್ಯನಿರ್ವಾಹಕ ಎಂದು ಹೆಸರು. ನಮ್ಮ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಹೆಸರನ್ನು ಇದು ನೆನಪಿಗೆ ತರುತ್ತದೆ.

ಕೆಲಸಗಳನ್ನು ಕಾನೂನು ಎರಡು ಪಾಲು ಮಾಡಿದೆ. ಆಯವ್ಯಯಕ್ಕೆ ಒಪ್ಪಿಗೆ, ಅಭಿವೃದ್ಧಿ ಯೋಜನೆಗೆ ಒಪ್ಪಿಗೆ, ಉಪನಿಯಮಗಳ ರಚನೆ, ವಾಣಿಜ್ಯ ಕಂದಾಯದ ದರ ನಿಗದಿ, ಕೌನ್ಸಿಲಿನ ಜಮೀನಿನ ವಿಲೇವಾರಿ ಇವು ಸದಸ್ಯರಿಗೆ ಮೀಸಲು. ಸಿಬ್ಬಂದಿ, ಗುತ್ತಿಗೆ, ಯಾರಿಗೆ ಮನೆ ಕೊಡಬೇಕು, ಯಾರಿಗೆ ಕಟ್ಟಡದ ಪರವಾನಗಿ ಕೊಡಬೇಕು ಇವೆಲ್ಲ ಮುಖ್ಯಾಧಿಕಾರಿಯ ಪಾಲು. ಕಾನೂನಿನಲ್ಲಿ ಎರಡನೆಯ ಪಾಲಿನ ವಿವರಣೆ ಬಹಳ ಸರಳ: ಸದಸ್ಯರಿಗೆ ಮೀಸಲಲ್ಲದ್ದೆಲ್ಲ ಅಧಿಕಾರಿಯದು.

ಅಧ್ಯಕ್ಷರನ್ನು ಸದಸ್ಯರು ತಮ್ಮೊಳಗೇ ಆರಿಸುತ್ತಾರೆ, ಅದೂ ಒಂದೇ ವರ್ಷಕ್ಕೆ. ಕೆಲಸ ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಲಿಮೆರಿಕ್ ಒಂದು ಕಡೆ ಮಾತ್ರ ಇದು ಬದಲಾಗಿದೆ. ಅಲ್ಲಿ 2019ರ ಜನಮತದಂತೆ 2024ರಲ್ಲಿ ಮೊದಲ ಬಾರಿಗೆ ಮತದಾರರೇ ನೇರವಾಗಿ ಮೇಯರನ್ನು ಆರಿಸಿದರು.

ಅಧಿಕಾರಿಗೆ ಇಷ್ಟು ಬಲ ಏಕೆ ಎಂದು ಕೇಳಬಹುದು. ಇದಕ್ಕೆ ಉತ್ತರವೂ ಇದೆ. 1955ರ ಕಾಯ್ದೆಯ ನಾಲ್ಕನೆಯ ಸೆಕ್ಷನ್ ಸದಸ್ಯರಿಗೆ ಒಂದು ಹತಾರ ಕೊಟ್ಟಿತ್ತು. ನಿರ್ಣಯ ಮಾಡಿ ಅಧಿಕಾರಿಗೆ ‘ಹೀಗೆಯೇ ಮಾಡು’ ಎಂದು ಅಪ್ಪಣೆ ಕೊಡಬಹುದಿತ್ತು. ಕೆಲವು ಕೌಂಟಿಗಳಲ್ಲಿ ಸದಸ್ಯರು ಇದನ್ನು ಬೇಕಾದವರಿಗೆ ಮನೆ ಕಟ್ಟುವ ಪರವಾನಗಿ ಕೊಡಿಸಲು ಮನಬಂದಂತೆ ಬಳಸಿದರು. ನೀನು ನನ್ನವನಿಗೆ ಕೈಯೆತ್ತು, ನಾನು ನಿನ್ನವನಿಗೆ ಎತ್ತುತ್ತೇನೆ ಎಂಬ ಒಪ್ಪಂದ ನಡೆಯಿತು. 1991ರಲ್ಲಿ ಇಂಥ ನಿರ್ಣಯಕ್ಕೆ ಮುಕ್ಕಾಲು ಪಾಲು ಸದಸ್ಯರ ಒಪ್ಪಿಗೆ ಬೇಕೆಂದರು. 2014ರಲ್ಲಿ ಪರವಾನಗಿಯ ವಿಷಯದಲ್ಲಿ ಈ ಹತಾರವನ್ನೇ ಕಿತ್ತುಕೊಂಡರು. ಹೀಗೆ ಅಧಿಕಾರ ಹೋದದ್ದರಲ್ಲಿ ಸದಸ್ಯರ ಪಾಲೂ ಇದೆ.

ಕಂದಾಯದ ಕಥೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೌನ್ಸಿಲಿನ ಬೆನ್ನೆಲುಬು ಅಲ್ಲಿ ‘ರೇಟ್ಸ್’ ಎಂದು ಕರೆಯುವ ಕಂದಾಯ. ಮನೆ, ಅಂಗಡಿ, ಹೊಲ ಮೂರಕ್ಕೂ ಅದು ಇತ್ತು. 1977ರ ಚುನಾವಣೆಯಲ್ಲಿ ಮನೆಗಳ ಕಂದಾಯ ತೆಗೆಯುತ್ತೇವೆಂದು ಒಂದು ಪಕ್ಷ ಭರವಸೆ ಕೊಟ್ಟು ಗೆದ್ದಿತು. 1978ರಲ್ಲಿ ಅದು ಹೋಯಿತು. ನಷ್ಟವನ್ನು ಸರ್ಕಾರ ತುಂಬಿಕೊಡುವುದೆಂದಾಯಿತು.

ಹೊಲದ ಕಂದಾಯ ಉಳಿಯಿತು. ಆದರೆ ಅದರ ಲೆಕ್ಕ ಅನ್ಯಾಯದ್ದಾಗಿತ್ತು. ಯಾವ ಜಮೀನಿಗೆ ಎಷ್ಟು ಬೆಲೆ ಎಂಬುದನ್ನು 19ನೆಯ ಶತಮಾನದ ನಡುವೆ, 1852ರ ಕಾಯ್ದೆಯ ಆಧಾರದ ಮೇಲೆ, ಗ್ರಿಫಿತ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಕಟ್ಟಿದ್ದರು. ನೂರು ವರ್ಷ ದಾಟಿದರೂ ಅದೇ ಪಟ್ಟಿ ನಡೆಯುತ್ತಿತ್ತು. ಈ ನಡುವೆ ಜೌಗು ಬಸಿದು ಕೆಲವು ನೆಲ ಒಳ್ಳೆಯದಾಗಿತ್ತು. ಬೆಳೆ ಬದಲಾಗಿತ್ತು, ಪೇಟೆ ಬದಲಾಗಿತ್ತು. ಒಂದೇ ಫಲವತ್ತತೆಯ ಎರಡು ಹೊಲಗಳಿಗೆ ಬೇರೆ ಬೇರೆ ಕಂದಾಯ ಬೀಳುತ್ತಿತ್ತು. ವೆಕ್ಸ್‌ಫರ್ಡ್ ಕೌಂಟಿಯ ರೈತರು ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. 1984ರಲ್ಲಿ ಸುಪ್ರೀಂ ಕೋರ್ಟು, ಇಂಥ ಹಳೆಯ ಪಟ್ಟಿಯ ಮೇಲೆ ಹೊಲಕ್ಕೆ ಕಂದಾಯ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದಿತು.

ಈ ತೀರ್ಪನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಹೊಲಕ್ಕೆ ತೆರಿಗೆಯೇ ಹಾಕಬಾರದೆಂದು ನ್ಯಾಯಾಲಯ ಹೇಳಲಿಲ್ಲ. ಅಳತೆಗೋಲು ಡೊಂಕಾಗಿದೆ ಎಂದಿತು, ಅಷ್ಟೆ. ಹೊಸ ಅಳತೆಗೋಲು ತರುವ ಕೆಲಸ ಸರ್ಕಾರದ್ದು. 1985ರಲ್ಲಿ ಜಮೀನಿನ ಗುಣಕ್ಕೆ ತಕ್ಕಂತೆ ಎಕರೆ ಲೆಕ್ಕ ಹಾಕಿ ಕೌನ್ಸಿಲುಗಳ ಮೂಲಕವೇ ವಸೂಲು ಮಾಡುವ ಕೃಷಿ ತೆರಿಗೆಯ ಕಾಯ್ದೆ ಬಂತು. ರೈತ ಸಂಘಟನೆಗಳು ವಿರೋಧಿಸಿದವು. 1987ರಲ್ಲಿ ಸರ್ಕಾರ ಬದಲಾದಾಗ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಅಂದಿನಿಂದ ಹೊಲಕ್ಕೆ ಸ್ಥಳೀಯ ಕಂದಾಯವಿಲ್ಲ.

ಹೊಲ ಮತ್ತು ಮನೆ ಎರಡೂ ಕೈಬಿಟ್ಟ ಮೇಲೆ ಕಂದಾಯದ ಭಾರವೆಲ್ಲ ಅಂಗಡಿ, ಕಾರ್ಖಾನೆ, ಹೋಟೆಲುಗಳ ಮೇಲೆ ಬಿತ್ತು. ಬೆಟ್ಟದ ಮೇಲೆ ನಿಂತ ಗಾಳಿಯಂತ್ರ ಕಂದಾಯ ಕೊಡುತ್ತದೆ, ಅದರ ಬುಡದ ಹುಲ್ಲುಗಾವಲು ಕೊಡುವುದಿಲ್ಲ. 2013ರಲ್ಲಿ ಮನೆಗಳ ಮೇಲೆ ಸ್ಥಳೀಯ ಆಸ್ತಿ ತೆರಿಗೆ ಮತ್ತೆ ಬಂತು. ಆದರೆ ಅದನ್ನು ವಸೂಲು ಮಾಡುವುದು ರಾಷ್ಟ್ರೀಯ ಕಂದಾಯ ಇಲಾಖೆ. ಸದಸ್ಯರು ಅದನ್ನು ಗೊತ್ತುಪಡಿಸಿದ ಮಿತಿಯೊಳಗೆ ಏರಿಸಬಹುದು, ಇಳಿಸಬಹುದು. ಮೊದಲ ಬಾರಿಗೆ, 2015ರ ಸಾಲಿಗೆ, ಈ ಅವಕಾಶ ಸಿಕ್ಕಾಗ ಹಲವು ಕೌನ್ಸಿಲುಗಳು ಇಳಿಸಿಯೇ ಬಿಟ್ಟವು. ಮತದಾರ ಮೆಚ್ಚಿದ, ರಸ್ತೆಯ ಗುಂಡಿ ಮೆಚ್ಚಲಿಲ್ಲ. ಮುಂದೆ ಅನೇಕ ಕೌನ್ಸಿಲುಗಳು ಏರಿಸುವ ದಾರಿ ಹಿಡಿದವು.

ಗಂಟು ಯಾರ ಕೈಲಿದೆಯೋ ಮಾತೂ ಅವರದೇ. ಆಯವ್ಯಯಕ್ಕೆ ಒಪ್ಪಿಗೆ ಕೊಡದೆ ಸದಸ್ಯರು ಹಟ ಹಿಡಿದರೆ ಮಂತ್ರಿ ಅವರನ್ನೇ ಮನೆಗೆ ಕಳಿಸಬಹುದು. ಸಾಕಷ್ಟು ಕಂದಾಯ ನಿಗದಿ ಮಾಡಲು ಒಪ್ಪದ ಡಬ್ಲಿನ್ ನಗರಸಭೆಗೆ 1969ರಲ್ಲಿ ಆದದ್ದು ಇದೇ.

ರೈತನ ಬಾಗಿಲಿಗೆ ಬರುವ ಕೆಲಸಗಳು

ಇಷ್ಟಾದರೂ ಕೌನ್ಸಿಲು ರೈತನ ದಿನನಿತ್ಯದಲ್ಲಿ ಬಹಳ ದೊಡ್ಡದು. ಮುಖ್ಯವಾದ ನಾಲ್ಕು ಬಾಬುಗಳನ್ನು ನೋಡಿ.

ಒಂದು, ಮನೆ ಮತ್ತು ಕೊಟ್ಟಿಗೆ. 1963ರ ಕಾಯ್ದೆಯಿಂದ ಕಟ್ಟಡದ ಪರವಾನಗಿ ಕೌನ್ಸಿಲಿನ ಕೆಲಸವಾಗಿದೆ. ನಿಗದಿತ ಅಳತೆಯೊಳಗಿನ ಕೊಟ್ಟಿಗೆಗೆ, ಷರತ್ತು ಪಾಲಿಸಿದರೆ, ಪರವಾನಗಿ ಬೇಡ. ಆದರೆ ರೈತ ತನ್ನ ಹೊಲದಲ್ಲಿಯೇ ಮಗಳಿಗೊಂದು ಮನೆ ಕಟ್ಟಬೇಕೆಂದರೂ ಅರ್ಜಿ ಹಾಕಬೇಕು. ಪತ್ರಿಕೆಯಲ್ಲಿ ಪ್ರಕಟಿಸಬೇಕು, ಜಾಗದಲ್ಲಿ ಫಲಕ ನೆಡಬೇಕು. ಐದು ವಾರದೊಳಗೆ ಯಾರು ಬೇಕಾದರೂ 20 ಯೂರೊ ಶುಲ್ಕ ಕಟ್ಟಿ ತಕರಾರು ಸಲ್ಲಿಸಬಹುದು. ಸಾಮಾನ್ಯವಾಗಿ ಎಂಟು ವಾರದಲ್ಲಿ ತೀರ್ಮಾನ. ಒಪ್ಪದವರು ನಾಲ್ಕು ವಾರದೊಳಗೆ ರಾಷ್ಟ್ರೀಯ ಮೇಲ್ಮನವಿ ಮಂಡಳಿಗೆ ಹೋಗಬಹುದು. 1977ರಲ್ಲಿ ಆರಂಭವಾದ ಆ ಮಂಡಳಿಯ ಜಾಗದಲ್ಲಿ 2025ರ ಜೂನ್‌ನಿಂದ ಹೊಸ ಆಯೋಗವಿದೆ. ಹಳ್ಳಿಗಾಡಿನಲ್ಲಿ ಅನೇಕ ಕಡೆ ಅರ್ಜಿದಾರನಿಗೆ ಆ ಸ್ಥಳದ ನಂಟೋ ಅಗತ್ಯವೋ ಇದೆಯೆಂದು ತೋರಿಸಬೇಕು. ಈ ನಿಯಮ ಬರೆದಿರುವುದು ಸದಸ್ಯರು ಒಪ್ಪುವ ಅಭಿವೃದ್ಧಿ ಯೋಜನೆಯಲ್ಲಿ. ಆದ್ದರಿಂದ ಅರ್ಜಿ ತಿರಸ್ಕಾರವಾದ ಮೇಲೆ ಸದಸ್ಯನ ಮನೆಗೆ ಓಡುವುದರಿಂದ ಪ್ರಯೋಜನ ಕಡಿಮೆ. ಯೋಜನೆಯ ಕರಡು ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸುವುದೇ ಜಾಣತನ.

ಎರಡು, ರಸ್ತೆ. ಹೆದ್ದಾರಿ ಬಿಟ್ಟರೆ ಹಳ್ಳಿಯ ರಸ್ತೆಗಳೆಲ್ಲ ಕೌನ್ಸಿಲಿನವು. ಹೊಲಕ್ಕೆ ಹೋಗುವ ಖಾಸಗಿ ದಾರಿಗೂ ಒಂದು ಯೋಜನೆಯಿದೆ. ಅಲ್ಲಿನ ಮನೆಗಳವರು, ರೈತರು ಕೂಡಿ ಅರ್ಜಿ ಹಾಕಬೇಕು. ಐದು ಅಥವಾ ಅದಕ್ಕಿಂತ ಕಡಿಮೆ ಮನೆಗಳಿದ್ದರೆ ವೆಚ್ಚದ ನೂರಕ್ಕೆ 10, ಹೆಚ್ಚಿದ್ದರೆ ನೂರಕ್ಕೆ 15 ಭಾಗವನ್ನು ಅವರೇ ಹೊರಬೇಕು. ಉಳಿದದ್ದು ಸರ್ಕಾರದ ಅನುದಾನ. ಕೆಲಸ ಮಾಡಿಸುವುದು ಕೌನ್ಸಿಲು.

ಮೂರು, ನೀರು ಮತ್ತು ಸಗಣಿ. ಹೊಳೆಯ ನೀರು ಕೆಡದಂತೆ ನೋಡುವುದು ಕೌನ್ಸಿಲಿನ ಹೊಣೆ. ಅದರ ಅಧಿಕಾರಿಗಳು ಕೊಟ್ಟಿಗೆಗೆ ಬಂದು ಸಗಣಿ ನೀರಿನ ಗುಂಡಿಯನ್ನು ಪರೀಕ್ಷಿಸುತ್ತಾರೆ. ಚಳಿಗಾಲದಲ್ಲಿ ಗೊತ್ತಾದ ತಿಂಗಳುಗಳಲ್ಲಿ ಸಗಣಿ ನೀರನ್ನು ಹೊಲಕ್ಕೆ ಬಿಡುವಂತಿಲ್ಲ. ನೆಲ ಹೀರದೆ ಅದು ನೇರವಾಗಿ ಹೊಳೆ ಸೇರುತ್ತದೆ ಎಂಬುದು ಕಾರಣ. ಹಳ್ಳಿಗರೇ ಸೇರಿ ನಡೆಸುವ ಕುಡಿಯುವ ನೀರಿನ ಸಂಘಗಳೂ ಅಲ್ಲಿ ಅನೇಕವಿವೆ. 2002ರಲ್ಲಿ ಇವುಗಳಲ್ಲಿ ಕೆಲವದರ ನೀರು ಶುದ್ಧವಿಲ್ಲವೆಂದು ಯುರೋಪಿನ ನ್ಯಾಯಾಲಯ ಐರ್ಲೆಂಡಿನ ವಿರುದ್ಧ ತೀರ್ಪು ಕೊಟ್ಟಿತು. ಇವುಗಳ ನೀರಿನ ಗುಣ ನೋಡುವುದೂ ಕೌನ್ಸಿಲೇ.

ನಾಲ್ಕು, ಬೇಲಿ. ರಸ್ತೆಗೆ ಬಾಗಿದ ಮರ, ಬೇಲಿಯನ್ನು ಕತ್ತರಿಸುವುದು ಜಮೀನಿನವನ ಕರ್ತವ್ಯ. ಕತ್ತರಿಸದಿದ್ದರೆ ಕೌನ್ಸಿಲು ನೋಟೀಸು ಕೊಡಬಹುದು. ಆದರೆ ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಕತ್ತರಿಸಲು ನಿಷೇಧವಿದೆ. ರಸ್ತೆಯ ಸುರಕ್ಷತೆಯಂಥ ಕಾರಣಗಳಿಗೆ ಮಾತ್ರ ವಿನಾಯಿತಿ.

ಕೈಬಿಟ್ಟು ಹೋದ ಕೆಲಸಗಳು

ಹೀಗಿದ್ದರೂ ಒಂದೊಂದಾಗಿ ಕೆಲಸಗಳು ಕೌನ್ಸಿಲಿನ ಕೈಯಿಂದ ಜಾರಿದವು. ಆಸ್ಪತ್ರೆಗಳನ್ನು 1970ರ ಕಾಯ್ದೆ ಪ್ರಾದೇಶಿಕ ಆರೋಗ್ಯ ಮಂಡಳಿಗಳಿಗೆ ಒಪ್ಪಿಸಿತು. ವಿದ್ಯಾರ್ಥಿವೇತನ 2012ರಲ್ಲಿ ಒಂದೇ ರಾಷ್ಟ್ರೀಯ ಕಚೇರಿಗೆ ಹೋಗತೊಡಗಿತು. ನೀರು ಸರಬರಾಜು 2014ರಲ್ಲಿ ರಾಷ್ಟ್ರೀಯ ಸಂಸ್ಥೆಯ ಪಾಲಾಯಿತು.

ರೈತರಿಗೆ ಹೆಚ್ಚು ತಟ್ಟುವುದು ಕೃಷಿ ಸಲಹೆಯ ಕಥೆ. 20ನೆಯ ಶತಮಾನದ ಬಹುಕಾಲ ಪ್ರತಿ ಕೌಂಟಿಯಲ್ಲೂ ಕೌನ್ಸಿಲು ನೇಮಿಸಿದ ಕೃಷಿ ಸಮಿತಿ ಇತ್ತು. ಹೊಲಕ್ಕೆ ಬಂದು ಬೀಜ, ಗೊಬ್ಬರದ ಬಗ್ಗೆ ಹೇಳುವ ಸಲಹೆಗಾರ ಆ ಸಮಿತಿಯ ನೌಕರ. ಒಳ್ಳೆಯ ಹೋರಿ ಸಾಕುವವರಿಗೆ ಸಮಿತಿಯೇ ಸಹಾಯಧನ ಕೊಡುತ್ತಿತ್ತು. 1980ರಲ್ಲಿ ಸಲಹೆಗಾರರು ರಾಷ್ಟ್ರೀಯ ಸಂಸ್ಥೆಯೊಂದಕ್ಕೆ ಸೇರಿದರು. 1988ರಲ್ಲಿ ಸಂಶೋಧನೆ, ತರಬೇತಿ, ಸಲಹೆ ಮೂರನ್ನೂ ಒಟ್ಟುಗೂಡಿಸಿ ಚಾಗಸ್ಕ್ ಎಂಬ ಸಂಸ್ಥೆ ಹುಟ್ಟಿದಾಗ ಕೌಂಟಿಯ ಸಮಿತಿಗಳನ್ನೇ ಮುಚ್ಚಿದರು. ಚಾಗಸ್ಕ್ ಒಳ್ಳೆಯ ಸಂಸ್ಥೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಲಹೆಗಾರನ ಮೇಲೆ ಕೌಂಟಿಯ ರೈತನಿಗಿದ್ದ ಹಿಡಿತ ಹೋಯಿತು.

ಲೀಟ್ರಿಮಿನಲ್ಲಿ ಇದರ ಬಿಸಿ ಚೆನ್ನಾಗಿ ತಿಳಿಯುತ್ತದೆ. ಅಲ್ಲಿನ ಹೊಲಗಳಲ್ಲಿ ಸ್ಪ್ರೂಸ್ ಮರದ ನೆಡುತೋಪುಗಳು ಹಬ್ಬುತ್ತಿವೆ. ಮನೆಗಳ ಸುತ್ತ ಕಾಡು ಕವಿಯುತ್ತದೆ, ಊರು ಖಾಲಿಯಾಗುತ್ತದೆ ಎಂದು ಅನೇಕ ರೈತರು ವಿರೋಧಿಸುತ್ತಾರೆ. ಆದರೆ ಮರ ನೆಡಲು ಲೈಸೆನ್ಸು ಕೊಡುವುದು ಕೇಂದ್ರದ ಕೃಷಿ ಇಲಾಖೆ. ಒಂದು ಮನೆ ಕಟ್ಟಲು ಕೌನ್ಸಿಲಿನ ಅನುಮತಿ ಬೇಕು. ನೂರು ಎಕರೆಗೆ ತೋಪು ಹಾಕಲು ಕೌನ್ಸಿಲು ಅಭಿಪ್ರಾಯ ಹೇಳಬಹುದು, ತಡೆಯಲಾರದು.

ಮತದ ಹಕ್ಕು

ಒಂದು ಮಾತಿನಲ್ಲಿ ಐರ್ಲೆಂಡನ್ನು ಮೆಚ್ಚಲೇಬೇಕು. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಎದುರು 1, 2, 3 ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯುತ್ತಾರೆ. ಮೊದಲನೆಯವನು ಸೋತರೆ, ಇಲ್ಲವೇ ಅವನಿಗೆ ಬೇಕಾದ್ದಕ್ಕಿಂತ ಹೆಚ್ಚು ಮತ ಬಿದ್ದರೆ, ಮತ ಎರಡನೆಯವನಿಗೆ ಸಾಗುತ್ತದೆ. ಮತ ವ್ಯರ್ಥವಾಗುವುದು ಕಡಿಮೆ. ಇನ್ನೊಂದು ವಿಶೇಷವೆಂದರೆ ಅಲ್ಲಿ ವಾಸಿಸುವ ಹೊರದೇಶದವರಿಗೂ ಸ್ಥಳೀಯ ಚುನಾವಣೆಯಲ್ಲಿ ಮತವಿದೆ. ಆಸ್ಪತ್ರೆಗಳಲ್ಲೂ ಗಣಕಯಂತ್ರ ಕಂಪನಿಗಳಲ್ಲೂ ದುಡಿಯಲು ಹೋದ ಭಾರತೀಯರು, ಅವರಲ್ಲಿ ನಮ್ಮ ಕನ್ನಡಿಗರೂ, ಹೆಸರು ನೋಂದಾಯಿಸಿಕೊಂಡರೆ ಕೌಂಟಿ ಸದಸ್ಯರನ್ನು ಆರಿಸಬಹುದು. ತಾವೇ ನಿಲ್ಲಲೂ ಬಹುದು.

ಚುನಾವಣೆ ಮಾತ್ರ ಬಹುಕಾಲ ಸರ್ಕಾರದ ಮರ್ಜಿಯಲ್ಲಿತ್ತು. 1991ರ ನಂತರ ಮುಂದಿನದು ನಡೆದದ್ದು 1999ರಲ್ಲಿ. ಅದೇ ವರ್ಷ ಜನಮತ ಪಡೆದು ಸಂವಿಧಾನಕ್ಕೆ ತಿದ್ದುಪಡಿ ತಂದು, ಐದು ವರ್ಷದೊಳಗೆ ಚುನಾವಣೆ ಕಡ್ಡಾಯ ಮಾಡಿದರು. ಅಂದಿನಿಂದ 2004, 2009, 2014, 2019, 2024 ಹೀಗೆ ತಪ್ಪದೆ ನಡೆದಿದೆ. ನಮ್ಮ ಸಂವಿಧಾನದಲ್ಲೂ ಐದು ವರ್ಷದ ಮಾತಿದೆ. ಆದರೂ 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋದದ್ದನ್ನು ನೀವೇ ಕಂಡಿದ್ದೀರಿ.

ತಿಳಿಯಬೇಕಾದದ್ದು

ಹಾಗಾದರೆ ವೆಕ್ಸ್‌ಫರ್ಡಿನ ರೈತರು ತಪ್ಪು ಮಾಡಿದರೇ? ಖಂಡಿತ ಇಲ್ಲ. ಅನ್ಯಾಯದ ಕಂದಾಯವನ್ನು ಪ್ರಶ್ನಿಸುವುದು ರೈತನ ಹಕ್ಕು. ಹೊಲದ ಬೆಲೆ ಏರಿದರೂ ರೈತನ ಆದಾಯ ಏರುವುದಿಲ್ಲ ಎಂಬ ಅವರ ವಾದದಲ್ಲೂ ಹುರುಳಿದೆ. ಡೊಂಕು ಅಳತೆಗೋಲನ್ನು ಎಸೆದದ್ದು ಸರಿ, ನೇರವಾದದ್ದನ್ನು ತರದೆ ಕೈಕಟ್ಟಿ ಕುಳಿತದ್ದು ತಪ್ಪು. ಆ ಖಾಲಿ ಜಾಗದಲ್ಲಿ ಬಂದು ಕುಳಿತದ್ದು ಅನುದಾನ. ಅನುದಾನದ ಜೊತೆ ಷರತ್ತು ಬಂತು, ಷರತ್ತಿನ ಜೊತೆ ಅಧಿಕಾರಿ ಬಂದ. ಯುರೋಪಿನಲ್ಲಿ ಆಡಳಿತವೆಲ್ಲ ರಾಜಧಾನಿಯಲ್ಲೇ ಕೂಡಿಕೊಂಡಿರುವ ದೇಶಗಳಲ್ಲಿ ಐರ್ಲೆಂಡ್ ಒಂದು ಎಂದು ಯುರೋಪು ಪರಿಷತ್ತು ಆಕ್ಷೇಪಿಸಿದೆ.

ತೆರಿಗೆ ಕೊಡುವವನು ಲೆಕ್ಕ ಕೇಳುತ್ತಾನೆ. ಅನುದಾನ ಪಡೆಯುವವನು ಕೈಮುಗಿಯುತ್ತಾನೆ. ನಿಮ್ಮ ಪಂಚಾಯತಿಯ ಆಯವ್ಯಯ ಪತ್ರವನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ಸ್ವಂತ ವಸೂಲಿ ಎಷ್ಟು, ಮೇಲಿನಿಂದ ಬಂದದ್ದು ಎಷ್ಟು ಎಂದು ಎರಡು ಸಾಲು ಬರೆದು ನೋಡಿ. ಊರಿನ ಮಾತು ಎಷ್ಟು ನಡೆಯುತ್ತದೆ ಎಂಬುದು ಆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ.